ಕುತ್ತಿಗೆಯ ಗಂಟು, ಅಂಗಾಲಿನ ಕಪ್ಪು ಮಚ್ಚೆ: ಹಳೇ ಕಾಗದ ಎಸೀಬೇಡಿ



ಶಾಲೆ, ಪಠ್ಯಪುಸ್ತಕ, ನೇಮಕಾತಿ, ಬೋರ್ಡು ಅಂತ ಈ ಪುಟದಲ್ಲಿ ನಾವು ಮಾತಾಡ್ತಾನೇ ಇರ್ತೀವಿ. ಇವತ್ತು ಮೈಯ ವಿಷಯ. ಅದೂ ಬಲು ಅಪರೂಪದ ಒಂದು ಕಾಯಿಲೆಯ ವಿಷಯ. ಚರ್ಮದಲ್ಲಿ ಹುಟ್ಟಿದ ಕ್ಯಾನ್ಸರ್ ಎಷ್ಟೋ ವರ್ಷದ ಮೇಲೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಬಂದು ಕೂರೋದು. ಇಷ್ಟು ಅಪರೂಪದ್ದು ನಮಗ್ಯಾಕೆ ಅಂತ ಕೇಳಬಹುದು. ಇದನ್ನ ಸರಿಯಾಗಿ ಪತ್ತೆ ಮಾಡೋಕೆ ದೊಡ್ಡ ಯಂತ್ರದಷ್ಟೇ ಮುಖ್ಯವಾದದ್ದು ಇನ್ನೊಂದಿದೆ: ರೋಗಿಯ ಹಳೇ ಕತೆ. ಆ ಕತೆ ಹೇಳೋರು ಬಹಳ ಸಲ ನೀವೇ. ಅಜ್ಜನ್ನೋ ಅಮ್ಮನ್ನೋ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಡಾಕ್ಟರ ಎದುರು ಮಲಯಾಳದಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಅವರ ಪರವಾಗಿ ಮಾತಾಡೋ ಗಡಿ ತಾಲೂಕಿನ ಹುಡುಗ ಹುಡುಗಿಯರು.

ಮೊದಲು ಕಾಯಿಲೆ ಏನು ಅಂತ ನೋಡೋಣ.

ಥೈರಾಯ್ಡ್ ಅಂದ್ರೆ ಗಂಟಲ ಮುಂದೆ ಚಿಟ್ಟೆಯ ಆಕಾರದಲ್ಲಿರೋ ಪುಟ್ಟ ಗ್ರಂಥಿ. ತೂಕ ಸುಮಾರು 15ರಿಂದ 25 ಗ್ರಾಂ, ಅಷ್ಟೇ. ಅದರಲ್ಲಿ ಗಂಟು ಬರೋದು ತುಂಬಾ ಸಾಮಾನ್ಯ. ಹತ್ತು ಗಂಟುಗಳಲ್ಲಿ ಸುಮಾರು ಒಂಬತ್ತು ಕ್ಯಾನ್ಸರ್ ಅಲ್ಲ. ಹಾಗಾಗಿ ಕುತ್ತಿಗೇಲಿ ಗಂಟು ಕಂಡ ತಕ್ಷಣ ಯಾರೂ ಗಾಬರಿ ಆಗಬೇಕಿಲ್ಲ. ಆದ್ರೆ ನಮ್ಮ ಮನೆಗಳಲ್ಲಿ ನಡೆಯೋದು ಇನ್ನೊಂದು. ಗಂಟು ಬಂದ್ರೆ ರಕ್ತ ಪರೀಕ್ಷೆ ಮಾಡಿಸ್ತಾರೆ, ಟಿಎಸ್‌ಎಚ್ ಸರಿ ಇದೆ ಅಂತ ಬರುತ್ತೆ, ‘ಥೈರಾಯ್ಡ್ ಏನಿಲ್ಲ’ ಅಂತ ಅಲ್ಲಿಗೇ ಬಿಟ್ಟುಬಿಡ್ತಾರೆ. ಆ ರಕ್ತ ಪರೀಕ್ಷೆ ಹೇಳೋದು ಗ್ರಂಥಿ ಕೆಲಸ ಸರಿ ಮಾಡ್ತಿದೆಯಾ ಅಂತ ಮಾತ್ರ. ಗಂಟಿನ ಒಳಗೆ ಏನಿದೆ ಅಂತ ಅದು ಹೇಳೋದಿಲ್ಲ. ಉಳಿತಾಯ ಖಾತೆಯ ಬ್ಯಾಲೆನ್ಸ್ ಸರಿ ಇದೆ ಅಂದ ಮಾತ್ರಕ್ಕೆ ಲಾಕರಿನಲ್ಲಿ ಏನಿದೆ ಅಂತ ಗೊತ್ತಾಗುತ್ತಾ? ಹಾಗೇ ಇದು.

ಗಂಟಿನಲ್ಲಿ ಕ್ಯಾನ್ಸರ್ ಇದ್ರೂ ಅದು ಬಹುತೇಕ ಥೈರಾಯ್ಡಿನಲ್ಲೇ ಹುಟ್ಟಿದ್ದಾಗಿರುತ್ತೆ. ಅಂಥದ್ದರಲ್ಲಿ ಹೆಚ್ಚಿನವು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತವೆ. ಅಪರೂಪಕ್ಕೆ ಮಾತ್ರ ಬೇರೆ ಅಂಗದಲ್ಲಿ ಹುಟ್ಟಿದ ಕ್ಯಾನ್ಸರ್ ರಕ್ತದ ಜೊತೆ ಹರಿದು ಬಂದು ಇಲ್ಲಿ ನೆಲೆಸುತ್ತೆ. ಆಸ್ಪತ್ರೆಗಳಲ್ಲಿ ಅದಕ್ಕೆ ಸೆಕೆಂಡರಿ ಅಂತಾರೆ. ಥೈರಾಯ್ಡ್ ಕ್ಯಾನ್ಸರ್ ಇರಬಹುದು ಅಂತ ಆಪರೇಷನ್ ಆದವರಲ್ಲಿ ಹೀಗೆ ಹೊರಗಿನಿಂದ ಬಂದದ್ದು ನೂರಕ್ಕೆ ಸುಮಾರು 1.4ರಿಂದ 3 ಅಂತ ವೈದ್ಯಕೀಯ ಲೆಕ್ಕ. ಅದರಲ್ಲೂ ಮೂತ್ರಪಿಂಡದಿಂದ ಬಂದದ್ದೇ ಜಾಸ್ತಿ. ಆಮೇಲೆ ಶ್ವಾಸಕೋಶ, ಸ್ತನ, ದೊಡ್ಡ ಕರುಳು. ಚರ್ಮದಿಂದ ಬಂದದ್ದು ಇನ್ನೂ ಕಡಿಮೆ. ಆದ್ರೆ ಕ್ಯಾನ್ಸರ್‌ನಿಂದ ತೀರಿಕೊಂಡವರ ಶವಪರೀಕ್ಷೆ ಮಾಡಿದಾಗ ಥೈರಾಯ್ಡಿನಲ್ಲಿ ಸೆಕೆಂಡರಿ ಸಿಕ್ಕಿರೋದು, ಒಂದೊಂದು ಅಧ್ಯಯನದಲ್ಲಿ ಒಂದೊಂದು ರೀತಿ, ನೂರಕ್ಕೆ 1.25ರಿಂದ 24ರವರೆಗೂ ಇದೆ. ಅಂದ್ರೆ ಬದುಕಿದ್ದಾಗ ಕಣ್ಣಿಗೆ ಬೀಳೋದಕ್ಕಿಂತ ಹೆಚ್ಚು ಸಲ ಅದು ಅಲ್ಲಿ ಇರುತ್ತೆ.

ಈ ಗ್ರಂಥಿಗೆ ರಕ್ತ ಬಹಳ ಹರಿಯುತ್ತೆ. ಹಾಗಿದ್ರೂ ಇಲ್ಲಿ ಸೆಕೆಂಡರಿ ಯಾಕೆ ಕಡಿಮೆ? ರಕ್ತ ಅಷ್ಟು ಜೋರಾಗಿ ಹರಿಯೋದ್ರಿಂದ ಕ್ಯಾನ್ಸರ್ ಕೋಶಕ್ಕೆ ನಿಲ್ಲೋಕೆ ಜಾಗ ಸಿಗಲ್ಲ, ಆಮ್ಲಜನಕ ಮತ್ತು ಅಯೋಡಿನ್ ಜಾಸ್ತಿ ಇರೋದೂ ಅದಕ್ಕೆ ಒಗ್ಗಲ್ಲ ಅನ್ನೋದು ವೈದ್ಯರ ಊಹೆ. ಮೊದಲೇ ಗಳಗಂಡವೋ ಗಂಟೋ ಇರೋ ಗ್ರಂಥಿಯಲ್ಲಿ ಆ ಹರಿವು ಕೆಡುತ್ತೆ, ಆಗ ಬಂದ ಕೋಶ ಬೇರು ಬಿಡೋಕೆ ಸುಲಭ ಅಂತಲೂ ಹೇಳ್ತಾರೆ.

ಇನ್ನು ಚರ್ಮದ ಕಡೆ ಬರೋಣ.

ಹೀಗೆ ದೂರ ಹರಡೋ ಚರ್ಮದ ಕ್ಯಾನ್ಸರ್‌ಗಳಲ್ಲಿ ಮುಖ್ಯವಾದದ್ದು ಮೆಲನೋಮ. ಚರ್ಮಕ್ಕೆ ಬಣ್ಣ ಕೊಡೋ ಕೋಶಗಳಲ್ಲಿ ಹುಟ್ಟುತ್ತೆ. ಬಿಳಿ ಚರ್ಮದವರು ಹೆಚ್ಚಿರೋ ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಇದು ಸಾಮಾನ್ಯ, ಬಿಸಿಲೇ ಅಲ್ಲಿ ದೊಡ್ಡ ಕಾರಣ. ನಮ್ಮಲ್ಲಿ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಇನ್ನೊಂದು ಮರ್ಕೆಲ್ ಕೋಶದ ಕ್ಯಾನ್ಸರ್. ಅದು ಮೆಲನೋಮಕ್ಕಿಂತಲೂ ಅಪರೂಪ. ಬಿಸಿಲಿಗೆ ಬಿದ್ದ ಜಾಗದಲ್ಲಿ, ವಯಸ್ಸಾದವರಲ್ಲಿ, ನೋವಿಲ್ಲದ ಕೆಂಪು ಗುಳ್ಳೆಯಾಗಿ ಬಂದು ಬೇಗ ಬೇಗ ಬೆಳೆಯುತ್ತೆ. ಅದರ ಹಿಂದೆ ಒಂದು ವೈರಸ್ ಇದೆ ಅಂತ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2008ರಲ್ಲಿ ಕಂಡುಹಿಡಿದರು. ಎರಡೂ ಥೈರಾಯ್ಡಿಗೆ ಹರಡಿದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ.

‘ನಮ್ದು ಕಪ್ಪು ಚರ್ಮ, ನಮಗೆ ಚರ್ಮದ ಕ್ಯಾನ್ಸರ್ ಬರಲ್ಲ’ ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಅದು ಅರ್ಧ ಮಾತ್ರ ನಿಜ. ಬಿಸಿಲಿನಿಂದ ಬರೋ ಮೆಲನೋಮ ನಮಗೆ ಕಡಿಮೆ. ಆದ್ರೆ ಅಂಗಾಲು, ಅಂಗೈ, ಉಗುರಿನ ಅಡಿ, ಈ ಜಾಗಗಳಲ್ಲಿ ಬರೋ ಒಂದು ಬಗೆ ಇದೆ. ಅದಕ್ಕೆ ಏಕ್ರಲ್ ಮೆಲನೋಮ ಅಂತಾರೆ. ಅದಕ್ಕೆ ಚರ್ಮದ ಬಣ್ಣದ ಭೇದ ಇಲ್ಲ. ನಮ್ಮಂಥ ಕಪ್ಪು, ಗೋಧಿ ಬಣ್ಣದ ಜನರಲ್ಲಿ ಮೆಲನೋಮ ಬಂದ್ರೆ ಹೆಚ್ಚಾಗಿ ಇಂಥ ಜಾಗದಲ್ಲೇ.

ಹಾಡುಗಾರ ಬಾಬ್ ಮಾರ್ಲಿ ಹೆಸರು ನಿಮಗೆ ಗೊತ್ತು, ಟೀ ಶರ್ಟಿನ ಮೇಲಾದ್ರೂ ನೋಡಿರ್ತೀರಿ. ಜಮೈಕಾದವರು. 1977ರಲ್ಲಿ ಅವರ ಬಲಗಾಲಿನ ಹೆಬ್ಬೆರಳಿನಲ್ಲಿ ಗಾಯ ಇತ್ತು. ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಅಂತ ಅಂದುಕೊಂಡಿದ್ರು. ನೋಡಿದ್ರೆ ಉಗುರಿನ ಅಡಿಯಲ್ಲಿ ಇದೇ ಮೆಲನೋಮ. ಬೆರಳು ತೆಗೆಸಿ ಅಂದ್ರು ವೈದ್ಯರು, ಅವರು ಒಪ್ಪಲಿಲ್ಲ. ಉಗುರು ಮತ್ತು ಅದರ ಕೆಳಗಿನ ಭಾಗವನ್ನಷ್ಟೇ ತೆಗೆದು ಬೇರೆ ಕಡೆಯ ಚರ್ಮ ಹಾಕಿದ್ರು. 1980ರಲ್ಲಿ ನ್ಯೂಯಾರ್ಕಿನಲ್ಲಿ ಓಡೋವಾಗ ಕುಸಿದುಬಿದ್ರು. ಅಷ್ಟರಲ್ಲಿ ಶ್ವಾಸಕೋಶ, ಯಕೃತ್ತು, ಮಿದುಳಿಗೆ ಹರಡಿತ್ತು. 1981ರ ಮೇ 11ರಂದು ತೀರಿಕೊಂಡಾಗ ಅವರಿಗೆ ಬರೀ 36 ವರ್ಷ.

ನಮ್ಮೂರುಗಳಲ್ಲಿ ಇಂಥದ್ದು ಬಂದ್ರೆ ಏನಾಗುತ್ತೆ ಅಂತ ಯೋಚಿಸಿ. ತೋಟಕ್ಕೆ, ಹೊಲಕ್ಕೆ ಬರಿಗಾಲಲ್ಲಿ ಹೋಗೋ ಜನ. ಅಂಗಾಲಲ್ಲಿ ಕಪ್ಪು ಕಲೆ ಕಂಡ್ರೆ ‘ಆಣಿ’ ಅಂತಾರೆ, ‘ಮುಳ್ಳು ಹೊಕ್ಕು ಒಳಗೇ ಮುರಿದಿದೆ’ ಅಂತಾರೆ. ಬ್ಲೇಡಲ್ಲಿ ಕೆತ್ತುತ್ತಾರೆ, ಆಣಿ ಪಟ್ಟಿ ಹಚ್ತಾರೆ, ಸೊಪ್ಪು ಅರೆದು ಕಟ್ತಾರೆ, ಕಾಸಿದ ಕಬ್ಬಿಣದಿಂದ ಸುಡೋರೂ ಇದ್ದಾರೆ. ನೋವಿಲ್ಲ, ಕೆಲಸ ನಿಲ್ಲಲ್ಲ, ವರ್ಷ ಕಳೆಯುತ್ತೆ. ಕೊನೆಗೆ ಅಲ್ಲೇ ಸಣ್ಣ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಸಿಕೊಳ್ತಾರೆ. ತೆಗೆದ ತುಂಡನ್ನ ಪರೀಕ್ಷೆಗೆ ಕಳಿಸಿದ್ರಾ? ಕಳಿಸಿದ್ರೆ ಆ ವರದಿ ಎಲ್ಲಿದೆ? ಎಷ್ಟೋ ಮನೆಗಳಲ್ಲಿ ಈ ಎರಡು ಪ್ರಶ್ನೆಗೂ ಉತ್ತರ ಇರಲ್ಲ.

ಈಗ ಇದೇ ವ್ಯಕ್ತಿಗೆ ಏಳೆಂಟು ವರ್ಷ ಬಿಟ್ಟು ಕುತ್ತಿಗೇಲಿ ಗಂಟು ಬಂತು ಅಂತಿಟ್ಕೊಳ್ಳಿ. ಹತ್ತು ವರ್ಷ ದಾಟಿದ ಮೇಲೆ ಮೆಲನೋಮ ಮತ್ತೆ ತಲೆ ಎತ್ತಿದ್ದೂ ಉಂಟು. ಡಾಕ್ಟರು ಸ್ಕ್ಯಾನ್ ಮಾಡ್ತಾರೆ, ಸಣ್ಣ ಸೂಜಿ ಹಾಕಿ ಗಂಟಿನಿಂದ ಕೋಶ ತೆಗೆದು ನೋಡ್ತಾರೆ. ಎಫ್‌ಎನ್‌ಎಸಿ ಅಂತಾರಲ್ಲ, ಅದೇ. ಕ್ಯಾನ್ಸರ್ ಅಂತ ಗೊತ್ತಾಗುತ್ತೆ. ಯಾವ ಕ್ಯಾನ್ಸರ್? ಇಲ್ಲೇ ತೊಡಕು. ಥೈರಾಯ್ಡಿನಲ್ಲೇ ಹುಟ್ಟೋ ಮೆಡ್ಯುಲರಿ ಅನ್ನೋ ಒಂದು ಬಗೆ ಇದೆ. ಸೂಕ್ಷ್ಮದರ್ಶಕದ ಕೆಳಗೆ ಅದೂ ಮೆಲನೋಮವೂ ಒಂದನ್ನೊಂದು ಹೋಲಬಹುದು. ಬಿಡಿಸಿ ಹೇಳೋಕೆ ಬೇರೆ ಬೇರೆ ಬಣ್ಣದ ಪರೀಕ್ಷೆಗಳಿವೆ: ಥೈರಾಯ್ಡಿನದ್ದಾದ್ರೆ ಥೈರೋಗ್ಲೋಬ್ಯುಲಿನ್, ಮೆಡ್ಯುಲರಿ ಆದ್ರೆ ಕ್ಯಾಲ್ಸಿಟೋನಿನ್, ಮೆಲನೋಮ ಆದ್ರೆ ಎಸ್-100, ಎಚ್‌ಎಂಬಿ-45, ಮರ್ಕೆಲ್ ಆದ್ರೆ ಸಿಕೆ-20. ಯಾವುದನ್ನ ಹುಡುಕಬೇಕು ಅನ್ನೋ ಅನುಮಾನ ಬಂದ್ರೆ ತಾನೇ ಆ ಪರೀಕ್ಷೆ ಮಾಡಿಸೋದು? ಅನುಮಾನ ಹುಟ್ಟಿಸೋದು ಒಂದೇ ಒಂದು ಸಾಲು: ‘ಇಷ್ಟು ವರ್ಷದ ಹಿಂದೆ ಅಂಗಾಲಿಂದ ಕಪ್ಪು ಗಂಟು ತೆಗೆಸಿದ್ವಿ.’

ಆ ಒಂದು ಸಾಲಿನಿಂದ ಚಿಕಿತ್ಸೆಯೇ ಬದಲಾಗುತ್ತೆ. ಥೈರಾಯ್ಡಿನದ್ದೇ ಸಾಮಾನ್ಯ ಕ್ಯಾನ್ಸರ್ ಆದ್ರೆ ಆಪರೇಷನ್, ಬೇಕಾದವರಿಗೆ ಆಮೇಲೆ ರೇಡಿಯೋ ಅಯೋಡಿನ್. ಮೆಲನೋಮದ ಕೋಶ ಅಯೋಡಿನ್ ಹೀರಲ್ಲ, ಅದಕ್ಕೆ ಆ ಮದ್ದು ಉಪಯೋಗಕ್ಕೆ ಬರಲ್ಲ. ಅಲ್ಲಿ ಮೈಯೆಲ್ಲ ಸ್ಕ್ಯಾನ್ ಮಾಡಿ ಇನ್ನೆಲ್ಲೆಲ್ಲಿ ಹರಡಿದೆ ಅಂತ ನೋಡಬೇಕು, ಕುತ್ತಿಗೆಯದ್ದನ್ನ ತೆಗೆಯೋದ್ರಿಂದ ಲಾಭ ಇದೆಯಾ ಅಂತ ಯೋಚಿಸಬೇಕು, ಮೈಯ ರೋಗನಿರೋಧಕ ಶಕ್ತಿಯನ್ನ ಕ್ಯಾನ್ಸರ್ ಮೇಲೆ ಛೂ ಬಿಡೋ ಇಮ್ಯುನೋಥೆರಪಿ ಆಗುತ್ತಾ ನೋಡಬೇಕು. ಆ ಬಗೆಯ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ದಾರಿ ತೋರಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಈ ಔಷಧಿಗಳು ದುಬಾರಿ, ಎಲ್ಲರಿಗೂ ಕೆಲಸ ಮಾಡಲ್ಲ, ಥೈರಾಯ್ಡನ್ನೇ ಕೆಡಿಸೋ ಅಡ್ಡಪರಿಣಾಮವೂ ಇದೆ. ಆದ್ರೂ ಮೊದಲು ಇಲ್ಲದ ದಾರಿಯೊಂದು ಈಗ ಇದೆ. ತಪ್ಪು ಹೆಸರಿನ ಕಾಯಿಲೆಗೆ ತಿಂಗಳುಗಟ್ಟಲೆ ಮದ್ದು ಮಾಡಿಸ್ಕೊಂಡ್ರೆ ಆ ದಾರಿ ಸಿಗೋ ಹೊತ್ತಿಗೆ ತಡವಾಗಿರುತ್ತೆ.

ಹಾಗಾದ್ರೆ ಆ ಒಂದು ಸಾಲು ಡಾಕ್ಟರ ಕಿವಿಗೆ ಯಾಕೆ ಬೀಳಲ್ಲ? ನಮ್ಮ ಕಡೆ ಅದು ಮೂರು ಕಡೆ ಸೋರಿಹೋಗುತ್ತೆ.

ಒಂದು, ಸಂಬಂಧ ಇದೆ ಅಂತಲೇ ಗೊತ್ತಿಲ್ಲ. ಕಾಲಿನ ಆಣಿಗೂ ಕುತ್ತಿಗೆಯ ಗಂಟಿಗೂ ಏನು ಸಂಬಂಧ ಅಂತ ರೋಗಿಯೇ ಹೇಳಲ್ಲ.

ಎರಡು, ಮುಚ್ಚಿಡೋದು. ‘ಆ ದೊಡ್ಡ ಕಾಯಿಲೆ’ ಅಂತ ಪಿಸುಗುಟ್ಟುತ್ತೀವೇ ಹೊರತು ಹೆಸರು ಹೇಳಲ್ಲ. ಮನೇಲಿ ಮದುವೆಗೆ ಬೆಳೆದ ಮಗಳಿದ್ದಾಳೆ, ಜನ ಏನಂತಾರೆ ಅಂತ ವರದಿಯನ್ನ ಹರಿದು ಒಲೆಗೆ ಹಾಕಿದ ಮನೆಗಳಿವೆ. ರೋಗಿಗೇ ಹೇಳಿರಲ್ಲ. ಹೇಳದ ಮೇಲೆ ಮುಂದಿನ ಡಾಕ್ಟರಿಗೆ ಅವರು ತಾನೇ ಏನಂತ ಹೇಳ್ತಾರೆ?

ಮೂರು, ಭಾಷೆ. ಇದು ಗಡಿಯವರ ಪಾಲಿಗೆ ಮಾತ್ರ ಬಂದ ಕಷ್ಟ. ನಾವು ‘ಮಚ್ಚೆ’ ಅಂದದ್ದು ಮಲಯಾಳದಲ್ಲಿ ‘ಮರುಕು’, ಮರಾಠಿಯಲ್ಲಿ ‘ತೀಳ’. ತಮಿಳಿನ ‘ಮಚ್ಚಂ’, ತೆಲುಗಿನ ‘ಪುಟ್ಟುಮಚ್ಚ’ ನಮ್ಮ ಮಾತಿಗೆ ಹತ್ತಿರ, ಸದ್ಯ. ಗಂಟು ಅಂದ್ರೆ ಮರಾಠಿಯಲ್ಲಿ ‘ಗಾಠ’, ತಮಿಳಿನಲ್ಲಿ ‘ಕಟ್ಟಿ’, ತೆಲುಗಿನಲ್ಲಿ ‘ಗಡ್ಡ’. ಎಪ್ಪತ್ತು ವರ್ಷದ ಅಜ್ಜಿ ಹತ್ತು ಮಾತಲ್ಲಿ ಹೇಳಿದ್ದನ್ನ ಜೊತೇಲಿ ಹೋದ ಮೊಮ್ಮಗ ಒಂದೇ ಮಾತಲ್ಲಿ ದಾಟಿಸ್ತಾನೆ: ‘ಕುತ್ತಿಗೇಲಿ ಗಂಟು, ಬೇರೇನಿಲ್ಲ.’ ಆ ‘ಬೇರೇನಿಲ್ಲ’ದ ಒಳಗೆ ಎಂಟು ವರ್ಷದ ಹಿಂದಿನ ಅಂಗಾಲು ಮಾಯವಾಗುತ್ತೆ. ಹುಡುಗನ ತಪ್ಪು ಅನ್ನೋಕಾಗಲ್ಲ. ಹಿಂದೆ ಉದ್ದ ಸಾಲು, ಮುಂದೆ ಡಾಕ್ಟರಿಗೆ ಎರಡೇ ನಿಮಿಷ. ಹಾಗಂತ ಸುಮ್ಮನಿರೋಕೂ ಆಗಲ್ಲ.

ಕಾಗದದ ವಿಷಯ ಇದರ ಮೇಲೊಂದು. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾವು ದಿನಾ ನೋಡ್ತೀವಿ. ಚಿಕಿತ್ಸೆಗೆ ಅಂತ ಅವಧಿಗೆ ಮೊದಲೇ ಎಫ್‌ಡಿ ಮುರಿಸೋರು, ಚಿನ್ನ ಅಡ ಇಡೋರು ಬರ್ತಾನೇ ಇರ್ತಾರೆ. 1990ರ ಎಫ್‌ಡಿ ರಸೀತಿಯನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಜೋಪಾನವಾಗಿಟ್ಟ ಮನೆಯಲ್ಲಿ ಅಪ್ಪನ ಬಯಾಪ್ಸಿ ವರದಿ ಮಾತ್ರ ಇರಲ್ಲ. ‘ಆಸ್ಪತ್ರೆಯಲ್ಲಿ ಇರುತ್ತಲ್ಲ ಬಿಡಿ’ ಅಂತಾರೆ. ಇಲ್ಲೇ ಕೇಳಿ: ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನ ವೈದ್ಯರು ಇಟ್ಟುಕೊಳ್ಳಬೇಕಾದದ್ದು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ. ಕ್ಯಾನ್ಸರ್ ವಾಪಸ್ ಬರಬಹುದಾದದ್ದು ಹತ್ತು ವರ್ಷ ಬಿಟ್ಟು. ನಡುವಿನ ಏಳು ವರ್ಷಕ್ಕೆ ಜವಾಬ್ದಾರಿ ಯಾರದ್ದು? ನಮ್ಮ ಮನೆಯ ಟ್ರಂಕಿನದ್ದೇ. ಅದೇ ನಿಯಮದಲ್ಲಿ ನಮಗೆ ಅನುಕೂಲವಾದದ್ದೂ ಇದೆ: ರೋಗಿ ಅಥವಾ ಅವರು ಒಪ್ಪಿಸಿದವರು ದಾಖಲೆ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು.

ಗಡಿಯವರಿಗೆ ಇದು ಇನ್ನೂ ಮುಖ್ಯ. ಕಾಸರಗೋಡಿನವರು ಮಂಗಳೂರಿಗೂ ಹೋಗ್ತಾರೆ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೂ ಹೋಗ್ತಾರೆ. ಅಕ್ಕಲಕೋಟೆ, ಜತ್ತದವರಿಗೆ ಸೊಲ್ಲಾಪುರ, ಬಾರ್ಶಿ, ಮುಂಬೈಯ ಟಾಟಾ. ಹೊಸೂರು, ಮಡಕಶಿರಾದವರು ಬೆಂಗಳೂರಿನ ಕಿದ್ವಾಯಿಗೆ ಬರ್ತಾರೆ. ಒಂದು ವರದಿ ಒಂದು ರಾಜ್ಯದಲ್ಲಿ, ಇನ್ನೊಂದು ಇನ್ನೊಂದರಲ್ಲಿ. 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ಪಾಡು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದು ಮರೆಯೋ ಹಾಗಿಲ್ಲ. ಅಂಥ ದಿನ ಕೈಯಲ್ಲಿ ಕಾಗದ ಇದ್ರೆ ಬೇರೆ ಆಸ್ಪತ್ರೆಯಲ್ಲಾದ್ರೂ ಚಿಕಿತ್ಸೆ ಮುಂದುವರಿಸಬಹುದು, ಇಲ್ಲದಿದ್ರೆ ಮೊದಲಿಂದ ಶುರು.

ಅದಕ್ಕೇ ನಮ್ಮ ಮನವಿ ಇಷ್ಟು.

ಮನೆಯ ಹಿರಿಯರ ಅಂಗಾಲು, ಅಂಗೈ, ಉಗುರು ತಿಂಗಳಿಗೊಮ್ಮೆ ನೋಡಿ. ಕಾಲು ತೊಳೆಯೋವಾಗ ನೋಡಿದ್ರೂ ಸಾಕು. ಹೊಸದಾಗಿ ಬಂದ ಅಥವಾ ಬೆಳೀತಿರೋ ಕಪ್ಪು ಕಲೆ, ಒಂದು ಬದಿಯ ಹಾಗೆ ಇನ್ನೊಂದು ಬದಿ ಇಲ್ಲದ ಮಚ್ಚೆ, ಅಂಚು ಹರಿದ ಹಾಗಿರೋದು, ಎರಡು ಮೂರು ಬಣ್ಣ ಇರೋದು, 6 ಮಿಲಿಮೀಟರಿಗಿಂತ ದೊಡ್ಡದು, ರಕ್ತ ಒಸರೋದು, ವಾಸಿಯಾಗದ ಹುಣ್ಣು ಕಂಡ್ರೆ ಚರ್ಮದ ಡಾಕ್ಟರಿಗೆ ತೋರಿಸಿ. ಉಗುರಿನಲ್ಲಿ ಕಪ್ಪು ಗೆರೆ ಬಂದು ಆ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹಬ್ಬಿದ್ರೆ ತಡ ಮಾಡಬೇಡಿ. ಕೆಲವು ಮೆಲನೋಮಕ್ಕೆ ಕಪ್ಪು ಬಣ್ಣವೇ ಇರಲ್ಲ ಅನ್ನೋದೂ ನೆನಪಿರಲಿ.

ಮೈಯಿಂದ ಯಾವ ಗಂಟು ತೆಗೆಸಿದ್ರೂ ಅದನ್ನ ಬಯಾಪ್ಸಿಗೆ ಕಳಿಸ್ತೀರಾ ಅಂತ ಕೇಳಿ. ‘ಕತ್ತಿ ತಾಗಿದ್ರೆ ಹರಡುತ್ತೆ’ ಅನ್ನೋ ಭಯ ಬಿಡಿಸಿ. ಪರೀಕ್ಷೆ ಮಾಡಿಸದೆ ಬಿಟ್ಟ ಗಂಟೇ ಹರಡೋದು.

ವರದಿಯನ್ನ ಫೋನಿನಲ್ಲಿ ಫೋಟೋ ತೆಗೆದಿಡಿ, ಮೂಲ ಕಾಗದವನ್ನ ಜಮೀನು ಪತ್ರದ ಜೊತೆ ಇಡಿ. ವರದಿಯ ಮೇಲಿರೋ ಬ್ಲಾಕ್ ನಂಬರು ಮುಖ್ಯ. ತೆಗೆದ ತುಂಡನ್ನ ಮೇಣದಲ್ಲಿ ಹುದುಗಿಸಿ ಲ್ಯಾಬಿನಲ್ಲಿ ಇಟ್ಟಿರ್ತಾರೆ, ಅದು ಸಿಕ್ಕಿದ್ರೆ ಹೊಸದರ ಜೊತೆ ಹೋಲಿಸಿ ನೋಡಬಹುದು.

ಆಸ್ಪತ್ರೆಗೆ ಹೋಗೋ ಮುಂಚಿನ ರಾತ್ರಿ ಮನೇಲಿ ಕೂತು ಕನ್ನಡದಲ್ಲೇ ಕೇಳಿ: ‘ಇಷ್ಟು ವರ್ಷದಲ್ಲಿ ಮೈಯಿಂದ ಏನೇನು ತೆಗೆಸಿದ್ದೀಯಮ್ಮ?’ ಅರ್ಧ ಪುಟದಲ್ಲಿ ವರ್ಷ, ಜಾಗ, ಆಸ್ಪತ್ರೆ ಬರೆಯಿರಿ. ಒಂದು ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲೋ ಆ ರಾಜ್ಯದ ಭಾಷೆಯಲ್ಲೋ. ಡಾಕ್ಟರ ಮೇಜಿನ ಮೇಲೆ ಆ ಚೀಟಿ ಇಡಿ. ದಾಟಿಸೋವಾಗ ಹಿರಿಯರ ಮಾತನ್ನ ಕತ್ತರಿಸಬೇಡಿ.

ಅರ್ಥವಾಗೋ ಭಾಷೆಯಲ್ಲಿ ವಿವರ ಕೇಳೋದಕ್ಕೆ ಸಂಕೋಚ ಬೇಡ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಕಾಯಿಲೆಯ ಬಗ್ಗೆ ರೋಗಿಗೆ ಗೊತ್ತಿರೋ ಭಾಷೆಯಲ್ಲಿ ತಿಳಿಸಬೇಕು ಅಂತ ಇದೆ. ಸಹಿ ಹಾಕೋ ಮುಂಚೆ ಅದರಲ್ಲಿ ಏನಿದೆ ಅಂತ ಕೇಳಿ. ಸಾಲದ ಅರ್ಜಿ ಓದದೆ ಸಹಿ ಹಾಕಬೇಡಿ ಅಂತ ನಾವು ಕೌಂಟರಿನಲ್ಲಿ ಹೇಳ್ತೀವಿ, ಆಪರೇಷನ್ ಒಪ್ಪಿಗೆ ಪತ್ರ ಅದಕ್ಕಿಂತ ದೊಡ್ಡದು. ದುಡ್ಡಿನ ಚಿಂತೆ ಇದ್ರೆ ಆಯುಷ್ಮಾನ್ ಕಾರ್ಡು ನೋಡಿ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಬಳಸೋಕೆ ಅವಕಾಶ ಇದೆ. ಯಾವ ಚಿಕಿತ್ಸೆ ಅದರಲ್ಲಿ ಬರುತ್ತೆ ಅಂತ ಆಸ್ಪತ್ರೆಯ ಆ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

ಲಕ್ಷಕ್ಕೆ ಒಬ್ಬರಿಗೂ ಬಾರದ ಕಾಯಿಲೆಗೆ ಇಷ್ಟೊಂದು ಯಾಕೆ ಅಂತ ಈಗಲೂ ಯಾರಾದ್ರೂ ಕೇಳಬಹುದು. ಮೇಲೆ ಹೇಳಿದ್ದರಲ್ಲಿ ಯಾವುದೂ ಈ ಒಂದು ಕಾಯಿಲೆಗೆ ಮಾತ್ರ ಅಲ್ಲ. ಹತ್ತು ವರ್ಷದ ಹಿಂದೆ ಮೂತ್ರಪಿಂಡ ತೆಗೆಸಿದವರಿಗೆ, ಸ್ತನ ಕ್ಯಾನ್ಸರ್ ಗೆದ್ದ ಅಕ್ಕನಿಗೆ, ಕರುಳಿನ ಆಪರೇಷನ್ ಆದ ಮಾವನಿಗೆ ಕುತ್ತಿಗೇಲಿ ಗಂಟು ಬಂದ್ರೂ ಇದೇ ಚೀಟಿ, ಇದೇ ಟ್ರಂಕು ಕೆಲಸಕ್ಕೆ ಬರುತ್ತೆ. ಅಪರೂಪದ ಕಾಯಿಲೆ ನೆಪ, ನಮ್ಮ ಮನೆಯ ಮೌನ ಮುರೀಬೇಕಾದದ್ದು.

ಎರಡು ಭಾಷೆ ಬರುತ್ತೆ ಅನ್ನೋದು ಗಡಿನಾಡ ಮಕ್ಕಳಾದ ನಮಗೆ ಹುಟ್ಟಿನಿಂದ ಬಂದ ಆಸ್ತಿ. ಅದನ್ನ ನಮ್ಮ ಹಿರಿಯರ ನೋವನ್ನ ಒಂದಕ್ಷರ ಬಿಡದೆ ದಾಟಿಸೋದಕ್ಕೆ ಬಳಸೋಣ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡ್ಕೊಳ್ಳಿ: ಮನೆಯ ಹಳೇ ಆಸ್ಪತ್ರೆ ಕಾಗದ ಒಂದು ಕಡೆ ಸೇರಿಸಿ, ಇಲ್ಲದ್ದನ್ನ ಪಟ್ಟಿ ಮಾಡಿ, ಸೋಮವಾರ ಆಸ್ಪತ್ರೆಗೆ ಅರ್ಜಿ ಬರೆಯಿರಿ. ನಿಮ್ಮ ಊರಿನ ಗುಂಪಿಗೂ ಇದನ್ನ ಕಳಿಸಿ.